ಗೋಧಿ ಬಿಟ್ಟ ಮೇಲೆ ಮಾಡಿಸಿದ ಪರೀಕ್ಷೆಯನ್ನು ನಂಬಬಹುದೇ?

ಪ್ರಶ್ನೆ: ನನಗೆ 36 ವರ್ಷ. ಮೂರು ವರ್ಷಗಳಿಂದ ಊಟವಾದ ಮೇಲೆ ಹೊಟ್ಟೆ ಉಬ್ಬರ, ಆಗಾಗ ಭೇದಿ, ಸದಾ ಸುಸ್ತು. ಹಿಮೋಗ್ಲೋಬಿನ್ 9.4ಕ್ಕೆ ಇಳಿದಿತ್ತು. ಕಬ್ಬಿಣದ ಮಾತ್ರೆ ನುಂಗಿದಾಗ ಏರುತ್ತದೆ, ಬಿಟ್ಟ ಕೆಲವೇ ತಿಂಗಳಲ್ಲಿ ಮತ್ತೆ ಇಳಿಯುತ್ತದೆ. ನನ್ನ ತಮ್ಮನಿಗೆ ಚಿಕ್ಕಂದಿನಿಂದ ಟೈಪ್ 1 ಮಧುಮೇಹವಿದೆ. ಐದು ತಿಂಗಳ ಹಿಂದೆ ಗೆಳತಿಯ ಮಾತು ಕೇಳಿ ಗೋಧಿಯನ್ನು ಪೂರ್ತಿ ಬಿಟ್ಟು, ‘ಗ್ಲುಟೆನ್ ಫ್ರೀ’ ಎಂದು ಬರೆದಿರುವ ಬ್ರೆಡ್, ಬಿಸ್ಕತ್ತು ತಿನ್ನಲು ಶುರು ಮಾಡಿದೆ. ಹತ್ತೇ ದಿನದಲ್ಲಿ ಉಬ್ಬರ ಇಳಿಯಿತು. ಆದರೆ ಈಗ ಮಲಬದ್ಧತೆ ಶುರುವಾಗಿದೆ, ತೂಕ ನಾಲ್ಕು ಕಿಲೊ ಏರಿದೆ, ಸುಸ್ತು ಮಾತ್ರ ಹಾಗೆಯೇ ಇದೆ. ಕಳೆದ ತಿಂಗಳು ಸೀಲಿಯಾಕ್ ಕಾಯಿಲೆಗೆಂದು ಮಾಡಿಸಿದ ರಕ್ತಪರೀಕ್ಷೆ ನೆಗೆಟಿವ್ ಬಂತು. ಹಾಗಾದರೆ ನನಗೆ ಕಾಯಿಲೆ ಇಲ್ಲವೇ? ಗ್ಲುಟೆನ್ ಎಲ್ಲರಿಗೂ ಕೆಟ್ಟದ್ದು ಎನ್ನುತ್ತಾರಲ್ಲ, ನಿಜವೇ? ಏಳು ವರ್ಷದ ಮಗಳಿಗೂ ಬಿಡಿಸಲೇ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆಗಳಾದರೂ ಅವುಗಳ ಬುಡದಲ್ಲಿರುವ ಗೊಂದಲ ಒಂದೇ. ಗೋಧಿಯೇ ಕಾರಣವೆಂದು ನಿಮ್ಮ ಹೊಟ್ಟೆ ಹೇಳುತ್ತಿದೆ, ಅಂಥದ್ದೇನೂ ಇಲ್ಲವೆಂದು ವರದಿ ಹೇಳುತ್ತಿದೆ. ಇವೆರಡರಲ್ಲಿ ಯಾವುದನ್ನು ನಂಬಬೇಕೆಂದು ನಿಮಗೆ ತಿಳಿಯುತ್ತಿಲ್ಲ. ಸದ್ಯಕ್ಕೆ ಎರಡನ್ನೂ ನಂಬಬೇಡಿ ಎಂಬುದು ನನ್ನ ಸಲಹೆ. ವರದಿ ಸುಳ್ಳೆಂದಲ್ಲ, ನಿಮ್ಮ ಅನುಭವ ಭ್ರಮೆಯೆಂದೂ ಅಲ್ಲ. ನಿಮಗೆ ಬೇಕಾಗಿರುವ ಉತ್ತರವನ್ನು ಕೊಡುವ ಸ್ಥಿತಿಯಲ್ಲಿ ಅವೆರಡೂ ಇಲ್ಲ, ಅಷ್ಟೆ.

ಮೊದಲು ವರದಿಯ ವಿಷಯ. ಗ್ಲುಟೆನ್ ಎಂಬುದು ಒಂದೇ ಒಂದು ವಸ್ತುವಲ್ಲ. ಗೋಧಿಯಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳು ನೀರು ಬೆರೆಸಿ ನಾದಿದಾಗ ಒಂದಕ್ಕೊಂದು ಹೆಣೆದುಕೊಂಡು ಆಗುವ ಅಂಟಿನ ಬಲೆ ಅದು. ನಾದಿದ ಹಿಟ್ಟಿನ ಉಂಡೆಯನ್ನು ನೀರಿನಲ್ಲಿ ತೊಳೆಯುತ್ತಾ ಹೋದರೆ ಪಿಷ್ಟವೆಲ್ಲ ಹಾಲಿನಂತೆ ಹರಿದುಹೋಗಿ, ಕೊನೆಗೆ ಕೈಯಲ್ಲಿ ರಬ್ಬರಿನಂತೆ ಜಗ್ಗುವ ಒಂದು ಮುದ್ದೆ ಉಳಿಯುತ್ತದೆ, ಅದೇ ಗ್ಲುಟೆನ್. ಬಾರ್ಲಿ ಮತ್ತು ರೈ ಧಾನ್ಯಗಳಲ್ಲೂ ಇದರ ನಿಕಟ ಸಂಬಂಧಿಗಳಾದ ಪ್ರೋಟೀನುಗಳಿವೆ. ಪ್ರೋಲಿನ್ ಮತ್ತು ಗ್ಲುಟಮಿನ್ ಎಂಬ ಅಮೈನೋ ಆಮ್ಲಗಳು ಇವುಗಳಲ್ಲಿ ವಿಪರೀತವಾಗಿರುವುದರಿಂದ ಮನುಷ್ಯನ ಜೀರ್ಣರಸಗಳು ಇವನ್ನು ಪೂರ್ತಿಯಾಗಿ ತುಂಡರಿಸಲಾರವು, ಒಂದಿಷ್ಟು ಉದ್ದನೆಯ ತುಣುಕುಗಳು ಹಾಗೆಯೇ ಉಳಿದುಬಿಡುತ್ತವೆ. ‘ಗ್ಲುಟೆನ್ ಯಾರಿಗೂ ಜೀರ್ಣವಾಗುವುದಿಲ್ಲ’ ಎಂಬ ಪ್ರಚಾರ ಹುಟ್ಟಿಕೊಂಡಿರುವುದು ಈ ಅರ್ಧ ಸತ್ಯದಿಂದಲೇ. ಉಳಿದರ್ಧವೇನೆಂದರೆ, ಬಹುಪಾಲು ಜನರಲ್ಲಿ ಆ ತುಣುಕುಗಳು ಯಾವ ತಂಟೆಯನ್ನೂ ಮಾಡದೆ ಮುಂದೆ ಸಾಗಿಹೋಗುತ್ತವೆ.

ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಹಾಗಾಗುವುದಿಲ್ಲ. ಕರುಳಿನ ಗೋಡೆಯಲ್ಲಿರುವ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಆ ತುಣುಕುಗಳನ್ನು ಸ್ವಲ್ಪ ಮಾರ್ಪಡಿಸುತ್ತದೆ. ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ವಂಶವಾಹಿ ಇರುವವರ ರೋಗನಿರೋಧಕ ಕೋಶಗಳು ಈ ಮಾರ್ಪಟ್ಟ ತುಣುಕುಗಳನ್ನು ಶತ್ರುವೆಂದು ತಿಳಿದು ಕೆರಳುತ್ತವೆ, ಮತ್ತು ಆ ಕಾಳಗದಲ್ಲಿ ಪೆಟ್ಟು ಬೀಳುವುದು ಸಣ್ಣ ಕರುಳಿನ ಒಳಮೈಗೆ. ಅಲ್ಲಿ ಆಹಾರದ ಸಾರವನ್ನು ಹೀರಿಕೊಳ್ಳಲೆಂದೇ ಇರುವ, ಬೆರಳಿನಂತೆ ಎದ್ದು ನಿಂತ ಸೂಕ್ಷ್ಮ ಕುಚ್ಚುಗಳು ಮೊಂಡಾಗಿ, ಕಾಯಿಲೆ ಬಲಿತಾಗ ಚಪ್ಪಟೆಯಾಗುತ್ತವೆ. ಸಣ್ಣ ಕರುಳಿನ ಮೊದಲ ಭಾಗಕ್ಕೆ ಈ ಪೆಟ್ಟು ಹೆಚ್ಚು. ಊಟದಲ್ಲಿನ ಕಬ್ಬಿಣಾಂಶವನ್ನು ದೇಹ ಮುಖ್ಯವಾಗಿ ಹೀರಿಕೊಳ್ಳುವುದೂ ಅಲ್ಲಿಯೇ. ಆದ್ದರಿಂದಲೇ ಭೇದಿಯೇ ಇಲ್ಲದೆ, ಬರೀ ಗುಣವಾಗದ ರಕ್ತಹೀನತೆಯ ರೂಪದಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳುವ ವಯಸ್ಕರು ನನ್ನಂಥ ಹೊಟ್ಟೆಯ ವೈದ್ಯರಿಗೆ ಆಗಾಗ ಸಿಗುತ್ತಾರೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣನ್ನು ಮೊದಲು ಹಿಡಿದದ್ದು ಉಬ್ಬರವಲ್ಲ, ಮಾತ್ರೆ ಬಿಟ್ಟೊಡನೆ ಇಳಿಯುವ ಹಿಮೋಗ್ಲೋಬಿನ್.

ನೀವು ಮಾಡಿಸಿರುವ ರಕ್ತಪರೀಕ್ಷೆ ಅಳೆಯುವುದು ಆ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವದ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯಗಳನ್ನು. ಗ್ಲುಟೆನ್ ಒಳಗೆ ಹೋಗುತ್ತಿರುವಷ್ಟು ಕಾಲ ಮಾತ್ರ ಅವು ತಯಾರಾಗುತ್ತಿರುತ್ತವೆ. ಅದನ್ನು ನಿಲ್ಲಿಸಿದರೆ ಕೆಲವು ವಾರಗಳಿಂದಲೇ ಇಳಿಯತೊಡಗಿ, ತಿಂಗಳುಗಳು ಕಳೆದಂತೆ ಸಾಮಾನ್ಯ ಮಟ್ಟಕ್ಕೆ ಬಂದುಬಿಡಬಹುದು. ನೀವು ಗೋಧಿ ಬಿಟ್ಟು ನಾಲ್ಕು ತಿಂಗಳಾದ ಮೇಲೆ ರಕ್ತ ಕೊಟ್ಟಿದ್ದೀರಿ. ಬೆಂಕಿ ಆರಿಸಿದ ಮೇಲೆ ಹೊಗೆ ಹುಡುಕಿದ ಹಾಗಾಯಿತು. ಇದರ ಜೊತೆಗೆ ಇನ್ನೊಂದು ಸಣ್ಣ ತೊಡಕಿದೆ. ಈ ಪರೀಕ್ಷೆ ಐಜಿಎ ಎಂಬ ಬಗೆಯ ಪ್ರತಿಕಾಯವನ್ನು ನೋಡುತ್ತದೆ, ಆದರೆ ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಐಜಿಎ ಬಹಳ ಕಡಿಮೆ ಇರುತ್ತದೆ, ಸೀಲಿಯಾಕ್ ರೋಗಿಗಳಲ್ಲಿ ಅಂಥವರು ನೂರಕ್ಕೆ ಎರಡು ಮೂರು ಮಂದಿ. ಅಂಥವರಲ್ಲಿ ಕಾಯಿಲೆ ಇದ್ದರೂ ವರದಿ ನೆಗೆಟಿವ್ ಬರುತ್ತದೆ. ಹೀಗಾಗಿ ಒಟ್ಟು ಐಜಿಎ ಪ್ರಮಾಣವನ್ನೂ ಜೊತೆಗೇ ಅಳೆಯಬೇಕು; ನಿಮ್ಮ ವರದಿಯಲ್ಲಿ ಆ ಸಾಲು ಇದೆಯೇ ನೋಡಿ.

ಇನ್ನು ಹೊಟ್ಟೆಯ ಸಾಕ್ಷ್ಯ. ಗೋಧಿ ಬಿಟ್ಟ ಹತ್ತು ದಿನಗಳಲ್ಲಿ ಉಬ್ಬರ ಇಳಿದರೆ ಗ್ಲುಟೆನ್ನೇ ಕಾರಣ ಎನ್ನುವುದು ಸಹಜವಾದ ಊಹೆ. ಆದರೆ ಗೋಧಿಯನ್ನು ಬಿಟ್ಟಾಗ ಬಿಟ್ಟುಹೋಗುವುದು ಗ್ಲುಟೆನ್ ಒಂದೇ ಅಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿಗಳಿವೆ. ನಮ್ಮ ಸಣ್ಣ ಕರುಳು ಇವನ್ನು ಜೀರ್ಣಿಸಲಾರದು, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಇವನ್ನು ಹುದುಗೆಬ್ಬಿಸಿ ಗಾಳಿ ಮಾಡುತ್ತವೆ, ಕರುಳು ಸೂಕ್ಷ್ಮವಾಗಿರುವವರಿಗೆ ಅದೇ ಉಬ್ಬರ ಮತ್ತು ನೋವು. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇರುವುದು ಇದೇ ಫ್ರಕ್ಟಾನ್. ಸೀಲಿಯಾಕ್ ಇಲ್ಲದಿದ್ದರೂ ತಮಗೆ ಗ್ಲುಟೆನ್ ಆಗುವುದಿಲ್ಲವೆಂದು ನಂಬಿ ಅದನ್ನು ಬಿಟ್ಟಿದ್ದ 59 ಮಂದಿಯನ್ನು ನಾರ್ವೆಯ ಸಂಶೋಧಕರು ಅಧ್ಯಯನಕ್ಕೆ ಒಳಪಡಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವುದರಲ್ಲಿ ಏನಿದೆಯೆಂದು ತಿಳಿಯದಂತೆ ಅವರಿಗೆ ಗ್ಲುಟೆನ್ ಇರುವ, ಫ್ರಕ್ಟಾನ್ ಇರುವ ಮತ್ತು ಎರಡೂ ಇಲ್ಲದ ತಿನಿಸುಗಳನ್ನು ಸರದಿಯ ಮೇಲೆ ಕೊಡಲಾಗಿತ್ತು. ಒಟ್ಟಾರೆ ಹೆಚ್ಚು ತೊಂದರೆ ಕೊಟ್ಟದ್ದು ಫ್ರಕ್ಟಾನ್; ಗ್ಲುಟೆನ್ ತಿಂದಾಗಿನ ಸ್ಥಿತಿಗೂ ಎರಡೂ ಇಲ್ಲದ್ದನ್ನು ತಿಂದಾಗಿನ ಸ್ಥಿತಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿರೀಕ್ಷೆಯ ಪಾಲೂ ಇದರಲ್ಲಿದೆ. ‘ಇದನ್ನು ತಿಂದರೆ ಆಗದು’ ಎಂಬ ಭಯವಿದ್ದಾಗ, ತಿಂದದ್ದರಲ್ಲಿ ಅದು ಇಲ್ಲದಿದ್ದರೂ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಇದನ್ನು ಹೇಳಿದರೆ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ, ಆದರೆ ಮಿದುಳಿಗೂ ಕರುಳಿಗೂ ನಡುವೆ ನರಗಳ ದಟ್ಟ ಸಂಪರ್ಕವಿರುವುದರಿಂದ ಆಗುವ ಮಾತಿದು. ನಾಟಕವೆಂಬ ಆರೋಪ ಇದರಲ್ಲಿಲ್ಲ.

ಹಾಗೆಂದು ಸೀಲಿಯಾಕ್ ಅಲ್ಲದ ಗ್ಲುಟೆನ್ ಸೂಕ್ಷ್ಮತೆ ಎಂಬುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಖಚಿತವಾದ ರಕ್ತಪರೀಕ್ಷೆ ಇಲ್ಲದಿರುವುದರಿಂದ, ಉಳಿದ ಕಾರಣಗಳನ್ನೆಲ್ಲ ಪಕ್ಕಕ್ಕಿಟ್ಟ ಮೇಲಷ್ಟೇ ಆ ಹೆಸರನ್ನು ಹೇಳಬಹುದು. ಗೋಧಿಯ ಅಲರ್ಜಿ ಇದಕ್ಕಿಂತ ಬೇರೆ. ತಿಂದ ನಿಮಿಷಗಳಲ್ಲೋ ಒಂದೆರಡು ಗಂಟೆಗಳಲ್ಲೋ ಮೈಮೇಲೆ ದದ್ದು, ತುಟಿ ಊತ, ಉಬ್ಬಸ ಬರುವಂಥದ್ದು. ನೀವು ಬರೆದಿರುವ ಲಕ್ಷಣಗಳು ಅದಕ್ಕೆ ಹೊಂದುವುದಿಲ್ಲ. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ನೂರಾರು ಆಹಾರಗಳ ‘ಸೂಕ್ಷ್ಮತೆ’ಯನ್ನು ಪತ್ತೆ ಮಾಡುತ್ತೇವೆಂದು ಮಾರಾಟವಾಗುವ, ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಪರೀಕ್ಷೆಗಳಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಅದರಲ್ಲಿ ಗೊತ್ತಾಗುವುದು ನೀವು ಆ ಆಹಾರವನ್ನು ತಿಂದಿದ್ದೀರಿ ಎಂಬುದು ಮಾತ್ರ.

ಗ್ಲುಟೆನ್ ಎಲ್ಲರಿಗೂ ಕೆಟ್ಟದ್ದೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಅಲ್ಲ. ಜಗತ್ತಿನಲ್ಲಿ ಸರಿಸುಮಾರು ನೂರರಲ್ಲಿ ಒಬ್ಬರಿಗೆ ಸೀಲಿಯಾಕ್ ಕಾಯಿಲೆ ಇದೆ. ಅದಕ್ಕೆ ಬೇಕಾದ ವಂಶವಾಹಿ ಹಲವು ಜನಸಮುದಾಯಗಳಲ್ಲಿ ನೂರಕ್ಕೆ ಮೂವತ್ತು ನಲವತ್ತು ಮಂದಿಯಲ್ಲಿದ್ದರೂ ಅವರಲ್ಲಿ ಬಹುಪಾಲು ಜನ ಜೀವನವಿಡೀ ಗೋಧಿ ತಿಂದು ಆರೋಗ್ಯವಾಗಿಯೇ ಇರುತ್ತಾರೆ. ಗ್ಲುಟೆನ್‌ನಿಂದ ಹೃದಯ ಕೆಡುತ್ತದೆಂಬ ಮಾತನ್ನು ಅಮೆರಿಕದಲ್ಲಿ ಸೀಲಿಯಾಕ್ ಇಲ್ಲದ ಒಂದು ಲಕ್ಷಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಯ ಆಹಾರವನ್ನು ಎರಡು ದಶಕಗಳಿಗೂ ಮೀರಿ ದಾಖಲಿಸಿದ ಅಧ್ಯಯನವೊಂದು ಪರೀಕ್ಷಿಸಿತು. 2017ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಹೆಚ್ಚು ಗ್ಲುಟೆನ್ ತಿಂದವರಿಗೂ ಕಡಿಮೆ ತಿಂದವರಿಗೂ ಹೃದಯಾಘಾತದ ಅಪಾಯದಲ್ಲಿ ವ್ಯತ್ಯಾಸವಿರಲಿಲ್ಲ. ಗ್ಲುಟೆನ್‌ಗೆ ಹೆದರಿ ಇಡಿಧಾನ್ಯಗಳನ್ನೇ ಬಿಟ್ಟರೆ ಅವುಗಳಿಂದ ಹೃದಯಕ್ಕೆ ಸಿಗುವ ಲಾಭ ತಪ್ಪಬಹುದೆಂದು ಆ ಸಂಶೋಧಕರು ಎಚ್ಚರಿಸಿದ್ದರು. ಗ್ಲುಟೆನ್ ಬಿಟ್ಟು ತೂಕ ಇಳಿಸಿಕೊಂಡೆ ಎನ್ನುವವರು ಸಾಮಾನ್ಯವಾಗಿ ಅದರ ಜೊತೆಗೇ ಕೇಕು, ಬಿಸ್ಕತ್ತು, ಕರಿದ ತಿಂಡಿಗಳನ್ನು ಬಿಟ್ಟವರು. ನೀವು ಬಿಡಲಿಲ್ಲ, ಗ್ಲುಟೆನ್ ಇಲ್ಲದ ಬಿಸ್ಕತ್ತಿಗೆ ಬದಲಾದಿರಿ. ಅದಕ್ಕೇ ನಿಮ್ಮ ತೂಕ ಬೇರೆ ದಾರಿ ಹಿಡಿಯಿತು.

ಈ ಪಥ್ಯ ಹುಟ್ಟಿದ್ದು ಚಿಕಿತ್ಸೆಯಾಗಿ ಎಂಬುದು ಈಗ ಮರೆತೇಹೋಗಿದೆ. ನೆದರ್‌ಲ್ಯಾಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರಿಗೆ 1930ರ ದಶಕದಲ್ಲೇ ಗೋಧಿಯ ಮೇಲೆ ಅನುಮಾನವಿತ್ತು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲ, 1944–45ರಲ್ಲಿ, ಆ ದೇಶದಲ್ಲಿ ಬ್ರೆಡ್ಡಿಗೆ ತತ್ವಾರವಾಗಿ ಊರೆಲ್ಲ ಹಸಿವಿನಿಂದ ಸೊರಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಡಿಕ್ಕೆ ಗೋಧಿಯಿಂದಾಗುವ ಈ ಹಾನಿಯನ್ನು ಪ್ರಬಂಧವಾಗಿ ಮಂಡಿಸಿದರು. ಅಲ್ಲಿಯವರೆಗೆ ಈ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹೇಳುತ್ತಿದ್ದ ವೈದ್ಯರಿದ್ದರು. ಅದರಿಂದ ಗುಣವೂ ಕಾಣುತ್ತಿತ್ತು, ಗೋಧಿ ತಪ್ಪುತ್ತಿತ್ತಲ್ಲ. ಗುಣ ಕಂಡ ಮಾತ್ರಕ್ಕೆ ಕಾರಣ ತಿಳಿಯಿತೆಂದು ಹೇಳಲಾಗದು ಎಂಬುದಕ್ಕೆ ನಿಮ್ಮ ಉಬ್ಬರಕ್ಕೂ ಸಲ್ಲುವ ಹಳೆಯ ಉದಾಹರಣೆ ಇದು.

ಈಗ ನಿಮ್ಮ ಮಲಬದ್ಧತೆ ಮತ್ತು ನಾಲ್ಕು ಕಿಲೊ. ಗ್ಲುಟೆನ್ ಇಲ್ಲದೆ ಬ್ರೆಡ್ ಉಬ್ಬುವುದಿಲ್ಲ, ಬಿಸ್ಕತ್ತು ಪುಡಿಯಾಗುತ್ತದೆ. ಆ ಅಂಟಿನ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕಾದ್ದರಿಂದ ತಯಾರಕರು ಪಾಲಿಶ್ ಅಕ್ಕಿಯ ಹಿಟ್ಟು, ಮೆಕ್ಕೆಜೋಳ, ಆಲೂಗಡ್ಡೆ ಮತ್ತು ಮರಗೆಣಸಿನ ಪಿಷ್ಟಗಳಿಗೆ ಅಂಟುಗೋಂದು, ಕೊಬ್ಬು, ಸಕ್ಕರೆ ಸೇರಿಸುತ್ತಾರೆ. ಹೀಗಾಗಿ ಇಂಥ ಪದಾರ್ಥಗಳಲ್ಲಿ ಪ್ರೋಟೀನು ಕಡಿಮೆ, ಹಲವು ಸಲ ನಾರಿನಂಶವೂ ಕಡಿಮೆ, ಕೊಬ್ಬು ಹೆಚ್ಚು. ತಿಂದೊಡನೆ ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಗುಣವೂ ಹಲವಕ್ಕಿದೆ. ಅನೇಕ ದೇಶಗಳಲ್ಲಿ ಗೋಧಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ ಬೆರೆಸುತ್ತಾರೆ, ಬದಲಿ ಹಿಟ್ಟುಗಳಿಗೆ ಸಾಮಾನ್ಯವಾಗಿ ಬೆರೆಸುವುದಿಲ್ಲ. ರಕ್ತಹೀನತೆ ಇರುವ, ಮುಂದೆ ಮತ್ತೆ ಗರ್ಭ ಧರಿಸಬಹುದಾದ ವಯಸ್ಸಿನ ಹೆಣ್ಣುಮಗಳಿಗೆ ಇದು ಚಿಕ್ಕ ವಿಷಯವಲ್ಲ. ಅನ್ನ, ಅಕ್ಕಿಹಿಟ್ಟಿನ ಮೇಲೆಯೇ ಪೂರ್ತಿ ಆತುಕೊಂಡರೆ ಇನ್ನೊಂದು ಚಿಂತೆ. ಭತ್ತದ ಬೆಳೆ ಮಣ್ಣು ಮತ್ತು ನೀರಿನ ಆರ್ಸೆನಿಕ್ ಅನ್ನು ಬೇರೆ ಧಾನ್ಯಗಳಿಗಿಂತ ಹೆಚ್ಚು ಹೀರಿಕೊಳ್ಳುತ್ತದೆ, ಗ್ಲುಟೆನ್ ಬಿಟ್ಟವರ ಮೂತ್ರದಲ್ಲಿ ಆರ್ಸೆನಿಕ್ ಹೆಚ್ಚಿರುವುದು ಅಧ್ಯಯನದಲ್ಲಿ ಕಂಡುಬಂದಿದೆ. ಅದರಿಂದ ಇಂಥದ್ದೇ ಕಾಯಿಲೆ ಬರುತ್ತದೆಂದು ಹೆದರಿಸುವಷ್ಟು ಸಾಕ್ಷ್ಯವಿಲ್ಲದಿದ್ದರೂ ಧಾನ್ಯಗಳನ್ನು ಬದಲಿಸುತ್ತಾ ತಿನ್ನಲು ಅಷ್ಟು ಕಾರಣ ಸಾಕು. ರಾಗಿ, ಜೋಳ, ಸಜ್ಜೆ, ನವಣೆ, ರಾಜಗಿರಾ, ಮೆಕ್ಕೆಜೋಳ ಇವು ಹುಟ್ಟಿನಿಂದಲೇ ಗ್ಲುಟೆನ್ ಇಲ್ಲದವು, ಬೇಳೆಕಾಳು, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮಾಂಸಗಳೂ ಅಷ್ಟೆ. ಪಥ್ಯವನ್ನು ಇವುಗಳ ಮೇಲೆ ಕಟ್ಟಿದವರಿಗೆ ನಾರು, ಕಬ್ಬಿಣದ ಕೊರತೆ ಬಾಧಿಸುವುದು ಕಡಿಮೆ. ಪೊಟ್ಟಣದ ಮೇಲೆ ಕಟ್ಟಿದವರೇ ನನ್ನ ಬಳಿ ಮಲಬದ್ಧತೆಯೊಡನೆ ಬರುತ್ತಾರೆ.

ಇನ್ನು ದಾರಿಗಳು. ನಿಮ್ಮ ಸ್ಥಿತಿಯಲ್ಲಿ ನಾನು ಮೊದಲು ಕೇಳುವುದು ಎಚ್‌ಎಲ್‌ಎ ವಂಶವಾಹಿ ಪರೀಕ್ಷೆಯನ್ನು, ಏಕೆಂದರೆ ಅದಕ್ಕೆ ಗೋಧಿ ತಿನ್ನಬೇಕಾಗಿಲ್ಲ. ಡಿಕ್ಯೂ2 ಮತ್ತು ಡಿಕ್ಯೂ8 ಎರಡೂ ಇಲ್ಲವೆಂದರೆ ಸೀಲಿಯಾಕ್ ಕಾಯಿಲೆಯನ್ನು ಬಹುತೇಕ ಕೈಬಿಡಬಹುದು, ಆಮೇಲಿನ ಕಷ್ಟವೆಲ್ಲ ತಪ್ಪುತ್ತದೆ. ಇದೆಯೆಂದರೆ ಕಾಯಿಲೆ ಇದೆಯೆಂದು ಅರ್ಥವಲ್ಲ, ಮುಂದಿನ ಹೆಜ್ಜೆ ಇಡಬೇಕೆಂದಷ್ಟೇ ಅರ್ಥ. ಆ ಹೆಜ್ಜೆಯೆಂದರೆ ಮತ್ತೆ ಗೋಧಿ ತಿಂದು ಪರೀಕ್ಷೆಗೆ ಒಳಗಾಗುವುದು. ದಿನಕ್ಕೆ ಮೂರರಿಂದ ಆರು ಗ್ರಾಂ ಗ್ಲುಟೆನ್, ಅಂದರೆ ಸುಮಾರು ಒಂದೂವರೆಯಿಂದ ಮೂರು ಹೋಳು ಗೋಧಿ ಬ್ರೆಡ್ಡಿನಷ್ಟನ್ನು ಆರರಿಂದ ಎಂಟು ವಾರ ತಪ್ಪದೆ ತಿಂದು, ಆಮೇಲೆ ರಕ್ತಪರೀಕ್ಷೆ ಮತ್ತು ಎಂಡೋಸ್ಕೋಪಿ ಮೂಲಕ ಸಣ್ಣ ಕರುಳಿನ ಮೊದಲ ಭಾಗದಿಂದ ನಾಲ್ಕಾರು ಕಡೆ ಚೂರು ತೆಗೆದು ಬಯಾಪ್ಸಿ ಮಾಡಿಸಬೇಕಾಗುತ್ತದೆ. ಆ ವಾರಗಳಲ್ಲಿ ಉಬ್ಬರ, ಭೇದಿ, ಸುಸ್ತು ಮರುಕಳಿಸಬಹುದೆಂಬುದನ್ನು ಮುಚ್ಚಿಡುವುದಿಲ್ಲ. ತಡೆಯಲಾಗದಂತಾದರೆ ಎರಡು ವಾರಗಳಿಗೇ ನಿಲ್ಲಿಸಿ ಬಯಾಪ್ಸಿಗೆ ಹೋಗಬಹುದು, ಆದರೆ ಆಗ ಕಾಯಿಲೆ ಕಣ್ತಪ್ಪುವ ಸಂಭವ ಹೆಚ್ಚು. ಗರ್ಭಿಣಿಯಾಗಿದ್ದರೆ ಇದನ್ನು ಮುಂದೂಡಬೇಕು. ಕಬ್ಬಿಣದ ಮಾತ್ರೆಯನ್ನು ಈ ಅವಧಿಯಲ್ಲೂ ಮುಂದುವರಿಸಬಹುದು, ಸೀಲಿಯಾಕ್ ಪರೀಕ್ಷೆಗಳಿಗೆ ಅದು ಅಡ್ಡ ಬರುವುದಿಲ್ಲ. ಇಷ್ಟು ದಿನ ಮರುಕಳಿಸುವ ರಕ್ತಹೀನತೆ ಇರುವವರಿಗೆ ಎಂಡೋಸ್ಕೋಪಿಯ ಅಗತ್ಯ ಹೇಗೂ ಬೀಳಬಹುದು. ಹೊಟ್ಟೆಯ ಹುಣ್ಣು, ಹೆಲಿಕೋಬ್ಯಾಕ್ಟರ್ ಸೋಂಕುಗಳೂ ಅದರಲ್ಲೇ ಪತ್ತೆಯಾಗುತ್ತವೆ. ಮುಟ್ಟಿನ ರಕ್ತಸ್ರಾವ ಹೆಚ್ಚಿದೆಯೇ ಎಂಬುದನ್ನೂ ನೀವು ಬರೆದಿಲ್ಲ. ನಿಮ್ಮ ವಯಸ್ಸಿನಲ್ಲಿ ಕಬ್ಬಿಣ ಸೋರಿಹೋಗುವ ಅತಿ ಸಾಮಾನ್ಯ ದಾರಿ ಅದೇ. ಸುಸ್ತಿಗಾಗಿ ಫೆರಿಟಿನ್ (ದೇಹದಲ್ಲಿನ ಕಬ್ಬಿಣದ ದಾಸ್ತಾನಿನ ಅಳತೆ), ಬಿ12 ಮತ್ತು ಥೈರಾಯ್ಡ್ ಪರೀಕ್ಷೆಗಳನ್ನೂ ಮಾಡಿಸಿ.

ಯಾವ ಪರೀಕ್ಷೆಯೂ ಬೇಡ, ಹೀಗೆಯೇ ಬಿಟ್ಟುಕೊಂಡಿರುತ್ತೇನೆ ಎನ್ನುವವರನ್ನು ನಾನು ಗದರಿಸುವುದಿಲ್ಲ. ಆದರೆ ಅದರಲ್ಲಿ ಏನು ತಪ್ಪಿಹೋಗುತ್ತದೆಂದು ಹೇಳುತ್ತೇನೆ. ಸೀಲಿಯಾಕ್ ನಿಜವಾಗಿಯೂ ಇದ್ದರೆ ‘ಸಾಧ್ಯವಾದಷ್ಟು ಬಿಡುವುದು’ ಸಾಲದು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೂಡ, ಎಂದರೆ ಒಂದು ಹೋಳು ಬ್ರೆಡ್ಡಿನ ನಲವತ್ತನೆಯ ಒಂದು ಪಾಲು, ಮೂರು ತಿಂಗಳಲ್ಲಿ ಕರುಳಿನ ಒಳಪದರವನ್ನು ಮತ್ತೆ ಕೆಡಿಸಬಲ್ಲದು. ಅಂತರರಾಷ್ಟ್ರೀಯ ಮಾನದಂಡದಲ್ಲಿ ಒಂದು ಕಿಲೊ ಆಹಾರಕ್ಕೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ‘ಗ್ಲುಟೆನ್ ಮುಕ್ತ’ ಎಂದು ಬರೆಯಲು ಅವಕಾಶವಿರುವುದು ಈ ಕಾರಣಕ್ಕೇ. ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದ ಜೋಳದ ಹಿಟ್ಟು, ಸೋಯಾ ಸಾಸ್, ಬಾರ್ಲಿ ಮಾಲ್ಟ್, ಬಿಯರ್, ಗೋಧಿಯೊಡನೆ ಬೆರಕೆಯಾದ ಓಟ್ಸ್ ಇವುಗಳಿಂದ ಅಷ್ಟು ಪ್ರಮಾಣ ಗೊತ್ತಾಗದಂತೆಯೇ ಒಳಗೆ ಹೋಗುತ್ತದೆ. ರೋಗನಿರ್ಣಯವಿಲ್ಲದವರಲ್ಲಿ ಇಂಥ ಕಟ್ಟುನಿಟ್ಟು ಎರಡು ವರ್ಷ ಬಾಳುವುದನ್ನು ನಾನು ಕಂಡದ್ದು ಅಪರೂಪ. ವರ್ಷಗಟ್ಟಲೆ ಕರುಳು ಮಾಯದೆ ಉಳಿದರೆ ಮೂಳೆಗಳು ಟೊಳ್ಳಾಗುತ್ತವೆ, ಗರ್ಭ ನಿಲ್ಲುವುದು ಕಷ್ಟವಾಗಬಹುದು, ಬಹಳ ವಿರಳವಾಗಿ ಸಣ್ಣ ಕರುಳಿನ ಲಿಂಫೋಮಾ ಕ್ಯಾನ್ಸರ್ ಬರಬಹುದು. ರೋಗ ಖಚಿತವಾಗಿದ್ದರೆ ಮೂಳೆಯ ಸಾಂದ್ರತೆ ನೋಡಿ, ಪ್ರತಿಕಾಯಗಳು ಇಳಿಯುತ್ತಿವೆಯೇ ಎಂದು ಆರು ತಿಂಗಳು, ಒಂದು ವರ್ಷಕ್ಕೆ ಪರೀಕ್ಷಿಸಿ ನಿಮ್ಮ ಹಿಂದೆ ನಾವು ನಿಲ್ಲುತ್ತೇವೆ. ವಯಸ್ಕರ ಕರುಳು ಪೂರ್ತಿ ಮಾಯಲು ಎರಡು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಪರೀಕ್ಷೆಗಳೆಲ್ಲ ಮುಗಿದು ಸೀಲಿಯಾಕ್ ಇಲ್ಲವೆಂದು ತಿಳಿದರೆ ಆ ಬ್ರೆಡ್, ಬಿಸ್ಕತ್ತಿನ ಬಂಧನದಿಂದ ನೀವು ಹೊರಬರಬಹುದು. ಆಗ ಆಹಾರತಜ್ಞರ ಜೊತೆ ಕುಳಿತು ಫ್ರಕ್ಟಾನ್ ಹೆಚ್ಚಿರುವ ಆಹಾರಗಳನ್ನು ನಾಲ್ಕಾರು ವಾರ ತಗ್ಗಿಸಿ, ಆಮೇಲೆ ಒಂದೊಂದಾಗಿ ಮರಳಿ ಸೇರಿಸಿ ನೋಡುವುದು ಲೇಸು. ಗೋಧಿಯನ್ನು ಪೂರ್ತಿ ಬಿಡದೆ ಪ್ರಮಾಣ ತಗ್ಗಿಸಿದರೇ ಸಾಕಾಗುವ ಸಾಧ್ಯತೆ ಚೆನ್ನಾಗಿಯೇ ಇದೆ.

ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. ಟೈಪ್ 1 ಮಧುಮೇಹಕ್ಕೂ ಸೀಲಿಯಾಕ್ ಕಾಯಿಲೆಗೂ ವಂಶವಾಹಿಗಳಲ್ಲಿ ನಂಟಿದೆ, ಆದ್ದರಿಂದಲೇ ಆ ಮಧುಮೇಹ ಇರುವವರಿಗೆ ಸೀಲಿಯಾಕ್ ಪರೀಕ್ಷೆಯನ್ನೂ ಹೇಳುವುದು ರೂಢಿ. ಅವರಿಗೆ ಅದನ್ನು ಮಾಡಿದ್ದಾರೆಯೇ ವಿಚಾರಿಸಿ. ಅವರಿಗೆ ಇದೆಯೆಂದು ಗೊತ್ತಾದರೆ ನಿಮಗೂ ಇರುವ ಸಂಭವ ನೂರಕ್ಕೆ ಒಂದರಿಂದ ಸುಮಾರು ಹತ್ತಕ್ಕೆ ಏರುತ್ತದೆ.

ಮಗಳಿಗೆ ಈಗ ಏನನ್ನೂ ಬಿಡಿಸಬೇಡಿ. ಬೆಳೆಯುವ ಮಗುವಿನ ತಟ್ಟೆಯಿಂದ ಕಾರಣವಿಲ್ಲದೆ ಒಂದು ಧಾನ್ಯವನ್ನು ತೆಗೆದರೆ ನಾರು, ಕಬ್ಬಿಣ, ಬಿ ಜೀವಸತ್ವಗಳು ಕಡಿಮೆಯಾಗುತ್ತವೆ, ಹಬ್ಬ ಹುಣ್ಣಿಮೆಗಳಲ್ಲಿ, ಗೆಳತಿಯರ ಮನೆಯಲ್ಲಿ ಅವಳೊಬ್ಬಳೇ ಬೇರೆಯಾಗುತ್ತಾಳೆ, ಮತ್ತು ಮುಂದೆ ನಿಜವಾಗಿಯೂ ಅನುಮಾನ ಬಂದಾಗ ನೀವು ಈಗ ಸಿಕ್ಕಿಕೊಂಡಿರುವ ಇಕ್ಕಟ್ಟಿನಲ್ಲೇ ಅವಳೂ ಸಿಕ್ಕಿಕೊಳ್ಳುತ್ತಾಳೆ. ನಿಮಗೆ ಸೀಲಿಯಾಕ್ ಖಚಿತವಾದರೆ, ಅವಳು ಗೋಧಿ ತಿನ್ನುತ್ತಿರುವಾಗಲೇ ಅವಳ ರಕ್ತಪರೀಕ್ಷೆ ಮಾಡಿಸಿ. ಪ್ರತಿಕಾಯದ ಮಟ್ಟ ತುಂಬ ಹೆಚ್ಚಿರುವ ಮಕ್ಕಳಲ್ಲಿ ಇನ್ನೊಂದು ರಕ್ತಪರೀಕ್ಷೆಯಿಂದ ಅದು ದೃಢಪಟ್ಟರೆ ಬಯಾಪ್ಸಿಯ ಅಗತ್ಯವೂ ಬೀಳದಿರಬಹುದು. ನಿಮ್ಮ ಫಲಿತಾಂಶ ಬರುವ ಮೊದಲೇ ಅವಳ ತೂಕ ಏರದೆ ನಿಂತರೆ, ಎತ್ತರ ಕುಂಠಿತವಾದರೆ, ಭೇದಿ ಅಥವಾ ಹೊಟ್ಟೆನೋವು ವಾರಗಟ್ಟಲೆ ಮುಂದುವರಿದರೆ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ, ನಿಮ್ಮ ರಕ್ತಹೀನತೆಯ ಮತ್ತು ತಮ್ಮನ ಮಧುಮೇಹದ ಸಂಗತಿಯನ್ನು ಅವರಿಗೆ ಮೊದಲೇ ತಿಳಿಸಿ.